ಬಳ್ಳಿ ಮುಂದೆ ಒಂದು ಫೋಟೋ

ಮಿಡಿಸೌತೆ ಯಾರ ದಾರಿಯನ್ನೂ ಕಾಯುವುದಿಲ್ಲ. ಕಿರುಬೆರಳಿನಷ್ಟಿದ್ದಾಗ ಕಿತ್ತರೆ ಉಪ್ಪಿನಕಾಯಿ ಕಂಪನಿ ಕೊಳ್ಳುತ್ತದೆ. ಒಂದು ದಿನ ತಪ್ಪಿದರೆ ಹೆಬ್ಬೆರಳಾಗುತ್ತದೆ, ಆಮೇಲೆ ಯಾರಿಗೂ ಬೇಡ. ಕಾಯಿ ಬಲಿತ ಬಳ್ಳಿ ಹೊಸ ಮಿಡಿಯನ್ನೂ ಬಿಡುವುದಿಲ್ಲ. ಇದನ್ನೆಲ್ಲ ನಮಗೆ ಕಲಿಸಿದ್ದೇ ಊರಿನ ರೈತರಿಗೆ ತರಬೇತಿ ಕೊಡುವ ಸಂಸ್ಥೆಯ ಮೇಡಂ.

ಅವರೇ ಫೋನ್ ಮಾಡಿದರು. "ನಾಳೆ ಕಂಪನಿ ಸಾಹೇಬ್ರು ಬರ್ತಾರೆ. ನಮ್ಮ ಸಂಸ್ಥೆಗೂ ಅವರಿಗೂ ಒಪ್ಪಂದ ಆಗ್ತಿದೆ. ಬಳ್ಳಿ ತುಂಬಾ ಕಾಯಿ ಕಾಣ್ಬೇಕು, ಕೀಳ್ಬೇಡಿ."

ಸಾಹೇಬರು ಬರಲಿಲ್ಲ. ಮರುದಿನವೂ ಬರಲಿಲ್ಲ. ಕೇಳಿದಾಗಲೆಲ್ಲ ಮೇಡಂ, "ನಾಳೆ ಖಂಡಿತ. ಈಗ ಕಿತ್ರೆ ಒಪ್ಪಂದಾನೇ ಕೈ ತಪ್ಪುತ್ತೆ" ಎನ್ನುತ್ತಿದ್ದರು. ಕಾಯಿಗಳು ಕಣ್ಣೆದುರೇ ಊದಿಕೊಂಡವು. ನನ್ನ ಅತ್ತೆ ಬಳ್ಳಿಯ ಬುಡದಲ್ಲಿ ಕೂತು, "ಕಿತ್ಬಿಡೋಣ ಕಣೇ" ಎಂದು ಗೋಗರೆದರು. ನಾನು ಬಿಡಲಿಲ್ಲ.

ಕೊನೆಗೆ ಸಾಹೇಬರ ಕಾರಿನ ಹಿಂದೆಯೇ ಕಂಪನಿಯ ಲಾರಿಯೂ ಬಂತು. ಲಾರಿಯಿಂದ ಇಳಿದ ತೂಕದವನು ಒಂದು ಕಾಯಿ ಮುಟ್ಟಿ ನೋಡಿದ. "ಇದು ಬಾಟ್ಲಿ ಬಾಯಿಗೇ ಹೋಗಲ್ಲಕ್ಕಾ" ಎಂದವನೇ ಖಾಲಿ ಲಾರಿ ತಿರುಗಿಸಿದ.

ನಾನು ಮೇಡಂ ಅವರ ಕಾಲು ಹಿಡಿಯುವುದೊಂದು ಬಾಕಿ ಇತ್ತು. "ನೀವೇ ಕೀಳ್ಬೇಡಿ ಅಂದಿದ್ದು, ಸಾಹೇಬ್ರಿಗೆ ಹೇಳಿ ಮೇಡಂ!" ಎಂದೆ. ಅವರು ಸಾಹೇಬರ ಮುಖ ನೋಡಿದರು. ಸಾಹೇಬರು ವಾಚು ನೋಡಿಕೊಂಡರು.

"ಮೊದ್ಲು ಫೋಟೋ ಆಗ್ಲಿ, ಆಮೇಲೆ ಮಾತಾಡೋಣ" ಎಂದರು ಮೇಡಂ.

ಫೋಟೋದವನು ಬ್ಯಾನರ್ ಕಟ್ಟಿ ನಮ್ಮನ್ನು ಸಾಲಾಗಿ ನಿಲ್ಲಿಸಿದ. ಅತ್ತೆಯ ಕೈಗೆ ಕಾಯಿ ಕೊಟ್ಟು ನೋಡಿ, ತಲೆಯಾಡಿಸಿದ.

"ಅಜ್ಜೀ, ಇನ್ನೂ ದಪ್ಪದ್ದು ಹಿಡ್ಕೊಳ್ಳಿ. ಚೆನ್ನಾಗಿ ಕಾಣುತ್ತೆ."

ಅತ್ತೆ ಬಳ್ಳಿಗೆ ಕೈ ಹಾಕಿದರು. ದಪ್ಪದ್ದಕ್ಕೇನೂ ಬರವಿರಲಿಲ್ಲ.