ಹಸಿ ಗಾರೆ

ಗಾರೆ ಗುಂಡಿಯನ್ನು ಇವತ್ತೇ ಮುಚ್ಚಿಸುತ್ತೇವೆ ಎಂದು ಪ್ರಭುದೇವ್ ಹೇಳಿದಾಗ ಸಹನಾ ಪ್ರವಾಸಿಗರಿಗೆ ಬಿಸಿಲ ಟೋಪಿ ಹಂಚುತ್ತಿದ್ದಳು. ಮಳೆ ಹಿಂದಾಗಿ ಮಧುಗಿರಿಯ ಬೆಟ್ಟ ತೊಳೆದಿಟ್ಟಂತೆ ಕಾಣುತ್ತಿದ್ದ ಭಾನುವಾರ ಅದು. ಈ ಶರತ್ಕಾಲದ ಮೊದಲ ನಡಿಗೆ. ಬ್ರಿಟಿಷರ ಕಾಲದ ಕಚೇರಿ ಬೀದಿಯನ್ನು ದುರಸ್ತಿ ಮಾಡಿಸಿದ್ದ ಟ್ರಸ್ಟ್ ಪ್ರಭುದೇವ್ ಅವರದು. ಬಂದವರಿಗೆ ಬೀದಿ ತೋರಿಸುವ ಕೆಲಸ ಸಹನಾಳದು.

ಯಾರದಾದರೂ ಮಗು ಬಿದ್ದರೆ ಏನು ಗತಿ ಎಂದರು ಅವರು. ಕದಿರಯ್ಯ ಮೇಸ್ತ್ರಿ ಬೆಳಿಗ್ಗೆಯೇ ಬಂದಿದ್ದಾನೆ, ನಿಮ್ಮತ್ತೆಯೂ ಇದ್ದಾರೆ ಎಂದರು. ಆಮೇಲೆ ದನಿ ತಗ್ಗಿಸಿ, ಎಲ್ಲ ನಿಮ್ಮ ಒಳ್ಳೆಯದಕ್ಕೇ ಎಂದೂ ಸೇರಿಸಿದರು.

ಸಹನಾ ಉಳಿದ ಟೋಪಿಗಳನ್ನು ಹಂಚಿದಳು.

ಆ ಗುಂಡಿ ಬೀದಿಯ ಆ ತುದಿಯಲ್ಲಿ, ಹಳೆಯ ತಾಲ್ಲೂಕು ಕಚೇರಿಯ ಹಿತ್ತಲಲ್ಲಿತ್ತು. ಅದರಲ್ಲಿದ್ದುದು ಗಾರೆ ಕೆಲಸ ಮಾಡುತ್ತಿದ್ದ ಅವಳ ಗಂಡ ಅಂಜನ್ ಕುಮಾರ್ ಕೊನೆಯದಾಗಿ ಅರೆಸಿಟ್ಟ ಸುಣ್ಣದ ಗಾರೆ. ಹಿತ್ತಲ ಗೋಡೆಯ ಒಂದು ಪಾಲು ಬಾಕಿ ಇತ್ತು. ಗಾರೆಗೆ ಬೆರೆಸಲು ಬೆಲ್ಲ, ಅಳಲೆಕಾಯಿ ತರುತ್ತೇನೆಂದು ಯುಗಾದಿಗೆ ಮುಂಚೆ ಕೊರಟಗೆರೆ ಕಡೆ ಬೈಕ್ ಹತ್ತಿದವನು, ಎರಡು ಹೊತ್ತೂ ನೀರು ಹುಯ್ಯಿ, ಒಣಗಿದರೆ ಸತ್ತುಹೋಗುತ್ತದೆ ಎಂದು ಹೇಳಿ ಹೋಗಿದ್ದ. ತಿರುವಿನಲ್ಲಿ ಲಾರಿ ಬಂತು. ಸುಣ್ಣದ ಗಾರೆ ನೀರಿನಲ್ಲಿರುವಷ್ಟು ಕಾಲ ಗಟ್ಟಿಯಾಗುವುದಿಲ್ಲ. ಸಹನಾ ನೀರು ಹುಯ್ಯುತ್ತಲೇ ಬಂದಳು. ತಿಥಿಯ ದಿನ ಮನೆ ತುಂಬ ಜನ ಕೂತಿದ್ದಾಗಲೂ ಕೊಡ ಎತ್ತಿಕೊಂಡು ಹೋಗಿ ಹುಯ್ದು ಬಂದಿದ್ದಳು. ಅವಳು ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಎಂ.ಎ. ಓದಿದೋಳು, ಕಲ್ಲು ಕಣಮ್ಮ, ಎಂದು ಹೆಂಗಸರು ಆಡಿಕೊಂಡಿದ್ದರು. ಬೆಳಿಗ್ಗೆ ಎದ್ದರೆ ಗೋಣಿತಟ್ಟು ಸರಿಸಿ, ಆ ಬಿಳಿಯ ಮೆದುವಿನ ಮೇಲೆ ಬೆರಳಿಟ್ಟು ನೋಡುವುದು, ಅದು ಬೆರಳಿಗೆ ತಗ್ಗಿದರೆ ಆ ದಿನ ನಡೆಯುವುದು. ಅವಳ ಪಾಲಿಗೆ ಉಳಿದಿದ್ದ ಬದುಕು ಅಷ್ಟೇ.

ನಡಿಗೆ ಅಂಚೆಮನೆಯಿಂದ ಹೊರಟಿತು. ಬಾಯಿ ತನ್ನ ಪಾಡಿಗೆ ತಾನು ಕಮಾನು, ಮದ್ರಾಸ್ ತಾರಸಿ, ಕಾಗದದ ಚೀಲ ಹೊತ್ತು ಓಡುತ್ತಿದ್ದ ಟಪಾಲಿನವರ ಕತೆ ಹೇಳಿತು. ಕಾಲು ನಿಲ್ಲಲಿಲ್ಲ. ಕದಿರಯ್ಯನಿಗೆ ಫೋನ್ ಮಾಡಿದಳು. ರಿಂಗ್ ಆಯಿತು, ಎತ್ತಲಿಲ್ಲ. ಪ್ರವಾಸಿ ಬಂಗಲೆಯ ಒಳಗೆ ಹೋಗದೆ, ಹೊರಗಿಂದಲೇ ಕೈ ತೋರಿಸಿ ಮುಂದೆ ನಡೆದಳು. ಹಿಂದಿನಿಂದ ಪ್ರಭುದೇವ್ ಕೆಮ್ಮಿದರು.

ಗುಂಪಿನಲ್ಲಿ ಶಿರಾದಿಂದ ಬಂದ ಚಂದ್ರಶೇಖರಯ್ಯ ಎಂಬ ನಿವೃತ್ತ ಮೇಷ್ಟ್ರಿದ್ದರು. ಮಂಡಿ ಹಿಡಿದುಕೊಂಡು ನಿಂತೇ ಬಿಟ್ಟರು.

"ಏನಮ್ಮ, ಬ್ರಿಟಿಷರು ಹಿಂದ್ಲಿಂದ ಅಟ್ಟಿಸ್ಕೊಂಡು ಬತ್ತಾವ್ರಾ?"

ಎಲ್ಲರೂ ನಕ್ಕರು. ಸಹನಾಳೂ ನಕ್ಕಳು. ನಗುತ್ತಲೇ ಮತ್ತೆ ಫೋನ್ ಒತ್ತಿದಳು.

ಕಚೇರಿಯ ಮೂಲೆ ತಿರುಗುವ ಮೊದಲೇ ಬೆಲ್ಲದ ವಾಸನೆ ಬಂತು. ಗುಂಡಿಗೆ ಬೆಲ್ಲದ ವಾಸನೆ ಇರಲಿಲ್ಲ. ಗಾರೆಗೆ ಬೆಲ್ಲದ ನೀರು ಬೀಳುವುದು ಕೊನೆಗೆ, ಗೋಡೆಗೆ ಹಾಕುವ ಹೊತ್ತಿಗೆ. ಎಲ್ಲರೂ ಜಗುಲಿಯ ನೆರಳಿನಲ್ಲಿ ಸ್ವಲ್ಪ ಕೂತಿರಿ ಎಂದು ಹೇಳಿ ಅವಳು ಹಿತ್ತಲಿಗೆ ಓಡಿದಳು.

ಗುಂಡಿ ಬರಿದಾಗಿತ್ತು. ಗೋಣಿತಟ್ಟುಗಳನ್ನು ಒಂದರ ಮೇಲೊಂದು ಮಡಿಸಿಟ್ಟಿದ್ದರು. ಅಂಜನ್ ಬಾಕಿ ಬಿಟ್ಟಿದ್ದ ಗೋಡೆ ಒದ್ದೆ ಬಿಳುಪಿನಲ್ಲಿ ಹೊಳೆಯುತ್ತಿತ್ತು. ಕದಿರಯ್ಯ ಕರಣೆ ಹಿಡಿದು ಕೊನೆಯ ಮೂಲೆಯಲ್ಲಿದ್ದ. ಅತ್ತೆ ಮಾರಕ್ಕ ಬಾಂಡ್ಲಿ ಹೊತ್ತು ನಿಂತಿದ್ದಳು. ಅದರ ತಳದಲ್ಲಿ ಒಂದು ಹಿಡಿಯಷ್ಟು ಉಳಿದಿತ್ತು.

"ನನ್ನ ಒಂದು ಮಾತು ಕೇಳ್ಬೇಕಿತ್ತು ಅತ್ತೆ."

"ಕೇಳಿದ್ರೆ ಬುಡ್ತಿದ್ಯಾ?"

ಮಾರಕ್ಕ ಬಾಂಡ್ಲಿಯನ್ನು ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳ ಹುಬ್ಬಿನಲ್ಲೂ ಸುಣ್ಣ ಮೆತ್ತಿತ್ತು.

"ನಾಳಿದ್ದು ಮಾರ್ಲಮಿ ಅಮಾಸೆ. ಅವ್ನಿಗೆ ಮೊದಲ್ನೆ ಎಡೆ. ಕಲಸಿದ ಗಾರೆ ಮುಗಿಸ್ದೆ ಯಾವ ಗಾರೆಯೋನು ಉಣ್ಣಾಕೆ ಕೂತವ್ನೆ ಹೇಳು? ಅವ್ನೂ ಅಂಗೇ ಅಲ್ವಾ, ಮಧ್ಯಾಹ್ನ ತಿರುಗಿದ್ರೂ ಮುದ್ದೆ ಮುಟ್ತಿರ್ಲಿಲ್ಲ. ನೀನು ನೀರು ಹುಯ್ತಾ ಹುಯ್ತಾ ಅವ್ನ ಕೆಲ್ಸ ಮುಗಿಯಾಕೇ ಬುಡ್ಲಿಲ್ಲ. ನನ್ನ ಮಗ ಹಸ್ಕೊಂಡು ನಿಂತವ್ನೆ ಕಣವ್ವ."

ಮಾತು ನಿಜ. ತಟ್ಟೆಯ ಮೇಲೆ ತಟ್ಟೆ ಮುಚ್ಚಿಟ್ಟುಕೊಂಡು ಸಹನಾಳೇ ಎಷ್ಟೋ ಸಲ ಕಾದಿದ್ದಳು. ಬಾ ಎಂದರೆ, ಬಾಂಡ್ಲಿ ಖಾಲಿಯಾಗಲಿ ಎನ್ನುತ್ತಿದ್ದ.

ಕದಿರಯ್ಯ ತಲೆ ತಗ್ಗಿಸಿಕೊಂಡೇ ಇನ್ನು ಒಂದು ಹಿಡಿ ಬಿದ್ದರೆ ಗೋಡೆ ಮುಗಿಯಿತು ಎಂದ. ಕರಣೆ ಚಾಚಿದ. ಅಷ್ಟರಲ್ಲಿ ಸಹನಾ ಬಗ್ಗಿ, ಬಾಂಡ್ಲಿಯಲ್ಲಿದ್ದುದನ್ನೆಲ್ಲ ಬಾಚಿ ಮುಷ್ಟಿ ಕಟ್ಟಿಕೊಂಡಳು. ಬೆಲ್ಲದ ನೀರು ಮಣಿಕಟ್ಟಿನಿಂದ ಇಳಿಯಿತು.

"ಲೇ ಮಗಾ, ಕೈ ಸುಡ್ತದೆ," ಎಂದಳು ಮಾರಕ್ಕ.

ಸಹನಾ ಆಗಲೇ ತಿರುಗಿ ನಡೆದಿದ್ದಳು. ಜಗುಲಿಯಲ್ಲಿ ಜನ ಕಾಯುತ್ತಿದ್ದರು. ಮುಷ್ಟಿಯನ್ನು ದುಪಟ್ಟಾದ ಕೆಳಗೆ ಮುಚ್ಚಿಕೊಂಡು ಅವಳು ಕಚೇರಿಯ ಕತೆ ಹೇಳಿದಳು. ಅಮಲ್ದಾರರು ಕೂರುತ್ತಿದ್ದ ಜಾಗ, ಖಜಾನೆಯ ಕೋಣೆ, ರೈತರು ಬಿಸಿಲಿನಲ್ಲಿ ಸಾಲು ನಿಲ್ಲುತ್ತಿದ್ದ ಅಂಗಳ. ಅಂಗೈ ಮೊದಲು ಬೆಚ್ಚಗಾಯಿತು, ಆಮೇಲೆ ಉರಿಯತೊಡಗಿತು. ಅಂಜನ್ ಹೋದ ಮೇಲೆ ಅವಳ ಮೈಗೆ ಏನೋ ಒಂದು ತಾಕಿದ್ದು ಅದೇ ಮೊದಲು. ಬಿಡಬಾರದೆನ್ನಿಸಿತು. ಇನ್ನೂ ಬಿಗಿಯಾಗಿ ಹಿಡಿದಳು.

ಈ ಗೋಡೆಗಳು ಎಷ್ಟು ಕಾಲ ಬಾಳುತ್ತವೆ ಎಂದು ಯಾರೋ ಕೇಳಿದರು. ನಮಗಿಂತ ಹೆಚ್ಚು ಎಂದಳು.

ಎಲ್ಲ ಮುಗಿದು ಚಂದ್ರಶೇಖರಯ್ಯ ಮೇಷ್ಟ್ರು ಕೈ ಮುಗಿದರು. ಅವಳು ಎಡಗೈ ಒಂದನ್ನೇ ಎದೆಗೆ ಮುಟ್ಟಿಸಿ ತಲೆ ಬಾಗಿದಳು. ಅವರು ಅವಳ ಮುಖ ನೋಡಿದರು. ಏನೋ ಕೇಳಬೇಕೆಂದುಕೊಂಡು, ಟೋಪಿ ವಾಪಸು ಕೊಟ್ಟು ಹೋದರು.

ಹಿತ್ತಲಿನಲ್ಲಿ ಇಬ್ಬರೂ ಕಾಯುತ್ತಿದ್ದರು. ಹೊತ್ತು ನೆತ್ತಿ ದಾಟಿತ್ತು. ಬುತ್ತಿ ಬಿಚ್ಚಿರಲಿಲ್ಲ. ಗೋಡೆಯ ಮೂಲೆಯಲ್ಲಿ ಒಂದು ಅಂಗೈಯಗಲ ಇಟ್ಟಿಗೆ ಕೆಂಪಗೆ ಕಾಣುತ್ತಿತ್ತು.

ಮಾರಕ್ಕ ಸೊಸೆಯನ್ನು ತೋಳು ಹಿಡಿದು ಕೂರಿಸಿ, ದುಪಟ್ಟಾ ಸರಿಸಿ, ಕೊಡ ಬಗ್ಗಿಸಿ ಮುಷ್ಟಿಯ ಮೇಲೆ ನೀರು ಬಿಟ್ಟಳು. ಬೆರಳ ಸಂದಿಯಿಂದ ಹಾಲಿನಂಥ ನೀರು ಇಳಿದು ಮಣ್ಣಿಗೆ ಸೇರಿತು.

"ಕೈ ಬಿಚ್ಚವ್ವ. ಅವ್ನ ಉಣ್ಣಾಕೆ ಬುಡು."

ಸಹನಾ ಬಿಚ್ಚಲು ನೋಡಿದಳು. ಅವಳು ನಿಜವಾಗಿಯೂ ನೋಡಿದಳು. ಬೆರಳು ಬರಲಿಲ್ಲ.

"ಅಮಾಸೆ ನಾಳಿದ್ದಲ್ವಾ ಅತ್ತೆ," ಎಂದಳು. "ಇವತ್ತೇ ಅಲ್ವಲ್ಲ."

ಕದಿರಯ್ಯ ಎದ್ದು ಹೋಗಿ, ಮಡಿಸಿಟ್ಟಿದ್ದ ಗೋಣಿತಟ್ಟನ್ನು ನೀರಿನಲ್ಲಿ ಅದ್ದಿ, ಗೋಡೆಯ ಆ ಬರಿ ಜಾಗದ ಮೇಲೆ ಇಳಿಬಿಟ್ಟ. ಅಂಚು ಒಣಗಬಾರದು. ಮಾರಕ್ಕ ಖಾಲಿಯಾದ ಕೊಡವನ್ನು ತೊಟ್ಟಿಯಲ್ಲಿ ಮುಳುಗಿಸಿ ತಂದು ಮತ್ತೆ ಸೊಸೆಯ ಮುಷ್ಟಿಯ ಮೇಲೆ ಹುಯ್ಯತೊಡಗಿದಳು.