ಬಾಗಿಲ ಮುಂದಿನ ಬೆಂಕಿ

ರೆಮಿ ಪುರಿಂಗಳ ಕೈಯಿಂದ ಬೆಂಕಿಪೊಟ್ಟಣ ಕಿತ್ತುಕೊಂಡಳು. ಕಿತ್ತುಕೊಂಡದ್ದೇನೋ ಆಯಿತು, ಮುಂದೇನು ಮಾಡಬೇಕೆಂದು ತೋಚದೆ ಕಪ್ಪು ಉಡುಪಿನ ಕಿಸೆಗೆ ತುರುಕಿದಳು.

ಎಪ್ಪತ್ಮೂರು ವರ್ಷದ ಪುರಿಂಗ್ ಜಲ್ಲಿಯ ಮೇಲೆ ಮೊಣಕಾಲೂರಿ ಕೂತಿದ್ದವಳು ಏಳಲಿಲ್ಲ. ಅವಳ ಮುಂದೆ ಮೂರು ತುಂಡು ಜಾಲಿ ಕಟ್ಟಿಗೆ, ನಡುವೆ ಒಂದು ಹಿಡಿ ಒಣಹುಲ್ಲು. ತಮ್ಮ ಕ್ಲಾರೊನನ್ನು ಮಣ್ಣು ಮಾಡಲೆಂದೇ ಫಿಲಿಪೀನ್ಸಿನಿಂದ ಎರಡು ವಿಮಾನ ಬದಲಿಸಿ ಹವಾಯಿಗೆ ಬಂದವಳು, ಸ್ಮಶಾನದಿಂದ ನೇರ ಮನೆಗೇ ಕರೆದುಕೊಂಡು ಹೋಗಿ ಎಂದು ಹಟ ಹಿಡಿದಿದ್ದಳು. ಮನೆ ಎನ್ನುವುದು ಬರೀ ಬಾಯಭ್ಯಾಸ. ಊರಿಗೇ ಬೆಂಕಿ ಬಿದ್ದಾಗ ಸುಟ್ಟದ್ದನ್ನೆಲ್ಲ ಬಾಚಿ ಲಾರಿಯಲ್ಲಿ ಸಾಗಿಸಿ, ಮೇಲೆ ಬಿಳಿ ಜಲ್ಲಿ ಹರಡಿಹೋದ ಸೈಟು ಅದು. ಕೆಳಗಡೆ, ಮೊದಲೆಲ್ಲ ಅಂಗಡಿಗಳ ಹಿಂಬದಿ ಕಾಣುತ್ತಿದ್ದ ಕಡೆ, ಈಗ ಸಮುದ್ರ ಸಲೀಸಾಗಿ ಕಾಣುತ್ತಿತ್ತು.

"ಕೊಡು ಇಲ್ಲಿ," ಎಂದಳು ಪುರಿಂಗ್.

"ಬೇಡ ಮನಾಂಗ್." ಗಂಡನ ಅಕ್ಕನನ್ನು ರೆಮಿ ಮೂವತ್ತನಾಲ್ಕು ವರ್ಷದಿಂದ ಹಾಗೆಯೇ ಕರೆಯುವುದು. "ಅವನಿಗೆ ಬೆಂಕಿ ಸಾಕಾಗಿದೆ."

"ಆ ಬೆಂಕಿ ಅವನದಲ್ಲ. ಅದು ಊರಿಗೆ ಬಿದ್ದಿದ್ದು. ಅವನದು ಅಂತ ಒಂದು ಬೇಡ್ವಾ?"

ಮಗಳು ಜೋಲಿನ್ ಕಾರಿನಿಂದ ಅನ್ನದ ಪಾತ್ರೆ ಇಳಿಸುತ್ತಿದ್ದವಳು ತಿರುಗಿದಳು. "ಅತ್ತೆ, ಇಲ್ಲಿ ಬೆಂಕಿ ಹಚ್ಚೋ ಹಾಗಿಲ್ಲ. ಪರ್ಮಿಟ್ ಬೇಕು."

"ಸಾಯೋಕೆ ಪರ್ಮಿಟ್ ತಗೊಂಡಿದ್ನಾ ನಿಮ್ಮಪ್ಪ?"

ಫಿಲಿಪೀನ್ಸಿನಲ್ಲಿ ಅವರ ಕಡೆ ಸಾವಾದ ಮನೆಯ ಬಾಗಿಲ ಮುಂದೆ ಒಂದು ಬೆಂಕಿ ಹಚ್ಚುತ್ತಾರೆ. ಮಣ್ಣು ಮಾಡಿ ಬರುವ ತನಕ ಅದು ಆರಬಾರದು. ಹೊಗೆ ಕಂಡವರು ವಿಷಯ ತಿಳಿದು ಬರಬೇಕು. ಎಲ್ಲ ಮುಗಿದ ಮೇಲೆ ಕಬ್ಬಿನ ಹೆಂಡ ಸುರಿದು ಆರಿಸುತ್ತಾರೆ. ಕ್ಲಾರೊ ಸತ್ತು ಏಳು ತಿಂಗಳಾಗಿದ್ದರೂ ಅವನಿಗೆ ಅದು ಆಗಿರಲಿಲ್ಲ. ಸಿಕ್ಕ ಮೂಳೆಗಳು ಅವನವೇ ಎಂದು ಸರ್ಕಾರಿ ಕಚೇರಿಯವರು ಖಚಿತ ಮಾಡಿಕೊಡುವುದಕ್ಕೇ ತಿಂಗಳುಗಳು ಹಿಡಿದವು. ಕೊಟ್ಟದ್ದು ಮೊಹರು ಹಾಕಿದ ಒಂದು ಪೆಟ್ಟಿಗೆ. ರೆಮಿ ಅದನ್ನು ತೆರೆಯಲಿಲ್ಲ. ತೆರೆಯದಿದ್ದರೆ ಒಳ್ಳೆಯದು ಎಂದಿದ್ದರು, ಅವಳು ಆಗಲಿ ಎಂದಿದ್ದಳು. ಈಚೆಗೆ ಯಾರು ಏನೆಂದರೂ ಅವಳು ಆಗಲಿ ಎನ್ನುತ್ತಿದ್ದಳು.

ಬೆಳಿಗ್ಗೆ ಚರ್ಚಿನಲ್ಲಿದ್ದದ್ದು ಹನ್ನೆರಡು ಜನ. ಮನೆ ಕಳೆದುಕೊಂಡ ಬೀದಿಯವರು ಒಬ್ಬೊಬ್ಬರು ಒಂದೊಂದು ಹೋಟೆಲಿಗೆ, ಬೇರೆ ದ್ವೀಪಕ್ಕೆ, ಕೆಲವರು ನೆವಾಡಾದ ಮರುಭೂಮಿಗೂ ಚದುರಿಹೋಗಿದ್ದರು. ಯಾರ ನಂಬರು ಯಾವುದೆಂದು ಯಾರಿಗೂ ತಿಳಿಯದು. ಹನ್ನೆರಡು ಎಂದು ಎಣಿಸಿದಾಗ ರೆಮಿಗೆ ಅಳು ಬರಬೇಕಿತ್ತು. ಬರಲಿಲ್ಲ. ಕ್ಲಾರೊನಿಗೆ ಇದು ಅವಮಾನ ಎಂದು ಮಾತ್ರ ಅನಿಸಿತು.

*

ಕ್ಲಾರೊ ರಗಾಸಾ ಲಹೈನಾದ ಕಡಲ ಬೀದಿಯ ಹಳೇ ಮರದ ಅಂಗಡಿಗಳಿಗೆ ಇಪ್ಪತ್ತೊಂಬತ್ತು ವರ್ಷ ಬಣ್ಣ ಬಳಿದ. ಪುರಾತನ ಬೀದಿಯಾದ್ದರಿಂದ ಇಂಥದೇ ಬಣ್ಣ ಎಂದು ಕಟ್ಟುಪಾಡು. ಅವನಿಗೆ ಅಷ್ಟೂ ಬಾಯಿಪಾಠ. ಉಪ್ಪುಗಾಳಿಗೆ ಯಾವ ಬಣ್ಣವೂ ನಿಲ್ಲುತ್ತಿರಲಿಲ್ಲ. ಬಂದರಿನ ತುದಿಯಿಂದ ಶುರುಮಾಡಿ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಬಂದರಿನ ಕಡೆ ಮತ್ತೆ ಸಿಪ್ಪೆ ಏಳುತ್ತಿತ್ತು. ಪ್ರವಾಸಿಗರು ಬಂದು ಆಹಾ, ನೂರು ವರ್ಷದ ಊರು ಹೇಗಿತ್ತೋ ಹಾಗೇ ಇದೆ ಎಂದು ಫೋಟೊ ತೆಗೆಯುವಾಗ ಏಣಿಯ ಮೇಲಿಂದ ಅವನು, "ಹಾಗೇ ಎಲ್ಲಿದೆ, ಹೋದ ಮಂಗಳವಾರ ನಾನು ಬಳಿದದ್ದು," ಎಂದು ತನ್ನೂರಿನ ಇಲೋಕಾನೊ ಭಾಷೆಯಲ್ಲಿ ಗೊಣಗುತ್ತಿದ್ದ.

ಅವನ ಇನ್ನೊಂದು ಕೆಲಸಕ್ಕೆ ಸಂಬಳವಿರಲಿಲ್ಲ. ಬೀದಿಯಲ್ಲಿ ಯಾರೇ ಸತ್ತರೂ ಬಾಗಿಲ ಮುಂದಿನ ಬೆಂಕಿ ಕಾಯುವುದು ಅವನೇ. ಉಳಿದವರೆಲ್ಲ ಚರ್ಚಿಗೆ, ಸ್ಮಶಾನಕ್ಕೆ ಹೋದಾಗ ಬೆಂಕಿಯ ಹತ್ತಿರ ಯಾರಾದರೂ ಇರಬೇಕಲ್ಲ. ಹಾಗಾಗಿ ಕ್ಲಾರೊ ಒಂದು ಸಾವಿಗೂ ಸ್ಮಶಾನದ ತನಕ ಹೋದವನಲ್ಲ. ಮಡಚುವ ಕುರ್ಚಿ ಹಾಕಿಕೊಂಡು ಒಬ್ಬನೇ ಕೂರುತ್ತಿದ್ದ.

ಎರಡು ಮನೆಯಾಚೆಯ, ಹವಾಯಿ ಮೂಲದವನೇ ಆದ ಪೇಕೆಲೊನ ತಾಯಿ ತೀರಿಕೊಂಡಾಗ ಕ್ಲಾರೊ ಕಟ್ಟಿಗೆ ಹೊತ್ತುಕೊಂಡು ಹೋಗಿ ಗೇಟಿನಲ್ಲಿ ನಿಂತಿದ್ದ.

"ನಮ್ಮಲ್ಲಿ ಈ ಪದ್ಧತಿ ಇಲ್ಲ ಮಾರಾಯ," ಎಂದ ಪೇಕೆಲೊ.

"ಗೊತ್ತು. ಆದ್ರೂ ನಿಮ್ಮಮ್ಮ ಹೋದ್ರು ಅಂತ ಬೀದಿಗೆ ಗೊತ್ತಾಗ್ಬೇಕಲ್ಲ."

"ನಮ್ಮಮ್ಮ ಇದ್ದಾಗ್ಲೇ ಬೀದಿಗೆಲ್ಲ ಕೇಳಿಸ್ತಿತ್ತು. ಈಗ ಇಲ್ಲ ಅನ್ನೋದು ತಾನಾಗೇ ಗೊತ್ತಾಗತ್ತೆ."

ಇಬ್ಬರೂ ನಕ್ಕಿದ್ದರು. ನಕ್ಕು, ಪೇಕೆಲೊ ಗೇಟು ತೆಗೆದಿದ್ದ.

*

ರೆಮಿ ಬೆಂಕಿಪೊಟ್ಟಣ ತೆಗೆದು ಪುರಿಂಗಳ ತೊಡೆಯ ಮೇಲಿಟ್ಟಳು. "ಏನಾದ್ರೂ ಮಾಡಿಕೊಳ್ಳಿ. ನನಗೆ ನೋಡೋಕಾಗಲ್ಲ." ಕಾರಿನಲ್ಲಿ ಕೂತು ಗಾಜು ಏರಿಸಿಕೊಂಡಳು. ಏಳು ತಿಂಗಳಿಂದ ಅವಳು ಒಲೆ ಹಚ್ಚಿದವಳಲ್ಲ. ಹೋಟೆಲ್ ಕೋಣೆಯಲ್ಲಿ ಎಲ್ಲವೂ ಮೈಕ್ರೊವೇವಿನಲ್ಲೇ.

ಹುಲ್ಲು ಹತ್ತಿಕೊಂಡಿತು. ಜಾಲಿ ಸ್ವಲ್ಪ ಹೊತ್ತು ಮುನಿಸಿಕೊಂಡು, ಆಮೇಲೆ ಹೊಗೆಯಾಡಿತು. ಅಂದು ಗಾಳಿಯಿರಲಿಲ್ಲ. ಹೊಗೆ ತೆಳ್ಳಗೆ ನೆಟ್ಟಗೆ ಮೇಲೇರಿತು. ಮರವಿಲ್ಲದ, ಮನೆಯಿಲ್ಲದ ಆ ಬಯಲಿನಲ್ಲಿ ಅದು ಹೆದ್ದಾರಿಯಿಂದಲೂ ಕಾಣಿಸುವಂತಿತ್ತು.

ಮೊದಲು ಬಂದದ್ದು ಪೇಕೆಲೊ. ಎರಡು ಸೈಟಿನಾಚೆ ತನ್ನ ಜಾಗದಲ್ಲಿ ಬೇಲಿ ಹಾಕುತ್ತಿದ್ದವನು, ಬರಿಗಾಲಲ್ಲಿ, ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಹಿಡಿದುಕೊಂಡು ಓಡಿಬಂದ. ಹಿಂದೆಯೇ ಪಕ್ಕದ ಬೀದಿಯ, ಟೊಂಗಾ ದ್ವೀಪದ ಸೆಮಿಸಿ, ಎರಡು ಕೈಯಲ್ಲಿ ಎರಡು ಬಕೆಟ್, ಅರ್ಧ ನೀರು ಅವನ ಪ್ಯಾಂಟಿನ ಮೇಲೆ. ಮೇಲಿನ ರಸ್ತೆಯಿಂದ ಒಬ್ಬ ಮುದುಕಿ ಒದ್ದೆ ಟವೆಲ್ ಹಿಡಿದು ಬಂದಳು. ಹೆದ್ದಾರಿಯಲ್ಲಿ ಹೋಗುತ್ತಿದ್ದ ಒಂದು ಟ್ರಕ್ಕು ಗಕ್ಕನೆ ತಿರುಗಿ ಬಂತು. ಅದರಿಂದ ಇಳಿದ ನಾಲ್ವರು ಕುಡಿಯುವ ನೀರಿನ ಕ್ಯಾನುಗಳನ್ನೇ ಹೊತ್ತು ಓಡಿದರು. ಯಾರೂ ಕೂಗಲಿಲ್ಲ. ಎಲ್ಲರ ಮುಖವೂ ಒಂದೇ ಥರ ಬೆಳ್ಳಗಾಗಿತ್ತು.

ಬೆಂಕಿಗೂ ಅವರಿಗೂ ನಡುವೆ ಪುರಿಂಗ್ ಎರಡೂ ಕೈ ಚಾಚಿ ನಿಂತಳು. ಇಂಗ್ಲಿಷು ಬಾರದ ಅವಳು ಒಂದೇ ಮಾತು ಹೇಳಿದಳು. "ಕ್ಲಾರೊ."

ಪೇಕೆಲೊ ಕಟ್ಟಿಗೆ ನೋಡಿದ. ಕಾರಿನಲ್ಲಿದ್ದ ರೆಮಿಯನ್ನು ನೋಡಿದ. ಸಿಲಿಂಡರ್ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟುಕೊಂಡು ಏದುಸಿರು ಬಿಟ್ಟ.

"ಇವತ್ತಾ?"

"ಬೆಳಿಗ್ಗೆ ಆಯ್ತು ಅಂಕಲ್," ಎಂದಳು ಜೋಲಿನ್. "ನಿಮ್ಮ ಹಳೇ ನಂಬರಿಗೆ ಮಾಡಿದ್ವಿ."

"ಆ ಫೋನ್ ಬೂದಿಯಾಯ್ತಲ್ಲಮ್ಮ." ಅವನು ಜಲ್ಲಿಯ ಮೇಲೆ ಕೂತ. "ಸತ್ತಮೇಲೂ ನನ್ನ ಓಡಿಸಿದ್ನಲ್ಲ ನಿಮ್ಮಪ್ಪ. ನನ್ನ ಮೊಣಕಾಲಿನ ಅವಸ್ಥೆ ಗೊತ್ತಿದ್ದೂ."

ಉಳಿದವರೂ ಕೂತರು. ಹೊಗೆ ಕಂಡು ಇನ್ನೂ ಜನ ಬರುತ್ತಲೇ ಇದ್ದರು, ಬಂದವರಿಗೆ ಕೂತವರು ವಿಷಯ ಹೇಳುತ್ತಿದ್ದರು. ಪೇಕೆಲೊ ಅಗ್ನಿಶಾಮಕ ಠಾಣೆಗೆ ಫೋನು ಮಾಡಿದ. "ಹೌದಪ್ಪ, ಸಾವಿನ ಬೆಂಕಿ, ಅಂಗೈಯಗಲ. ಸುತ್ತ ಮೂವತ್ತು ಜನ ಇದ್ದೀವಿ. ಪ್ರತಿಯೊಬ್ಬರ ಹತ್ರಾನೂ ನೀರಿದೆ. ಬರೋದಾದ್ರೆ ಬಾ, ಊಟ ಇದೆ."

ರೆಮಿ ಕಾರಿನಿಂದ ಇಳಿದು ಬಂದು ಅವರ ನಡುವೆ ಕೂತಳು. ಹೊಗೆ ಮೂಗಿಗೆ ಬಡಿಯಿತು. ಅವಳು ಮುಖ ತಿರುಗಿಸಲಿಲ್ಲ.

*

ಊರು ಸುಟ್ಟ ದಿನ ರೆಮಿ ಉತ್ತರದ ಹೋಟೆಲಿನ ಲಾಂಡ್ರಿಯಲ್ಲಿ ಪಾಳಿಯಲ್ಲಿದ್ದಳು. ಬೆಳಿಗ್ಗೆಯಿಂದ ಕರೆಂಟಿರಲಿಲ್ಲ. ಗಾಳಿ ಗೋಡೆಗಳನ್ನೇ ಅಲುಗಿಸುತ್ತಿತ್ತು. ಮಧ್ಯಾಹ್ನ ಕ್ಲಾರೊನ ಫೋನು ಬಂತು.

"ಮಾಡಿನ ಒಂದು ತಗಡು ಹಾರಿಹೋಯ್ತು. ಗುಡ್ಡದ ಕಡೆ ಹೊಗೆ ಕಾಣ್ತಿದೆ. ನಾನೇ ಆ ಕಡೆ ಬರ್ಲಾ?"

"ಬೇಡ. ನಾನೇ ಬರ್ತೀನಿ. ನೀನು ಎಲ್ಲೂ ಹೋಗ್ಬೇಡ, ಆಮೇಲೆ ನಿನ್ನ ಎಲ್ಲಿ ಅಂತ ಹುಡುಕ್ಲಿ?"

"ಸರಿ," ಎಂದ ಅವನು. "ಕೊಡೆ ತರಬೇಡ, ಹಾರಿಹೋಗತ್ತೆ." ಅದು ಅವನ ತಮಾಷೆ. ಮಳೆಯ ಸುಳಿವೇ ಇರಲಿಲ್ಲ. ಆಮೇಲೆ ಫೋನುಗಳೆಲ್ಲ ಸತ್ತವು. ಊರಿಗೆ ಹೋಗುವ ರಸ್ತೆಯನ್ನು ಪೊಲೀಸರು ಮುಚ್ಚಿದರು. ಅವಳು ಬರಲಾಗಲಿಲ್ಲ.

ಎಲ್ಲೂ ಹೋಗಬೇಡ ಎಂದದ್ದನ್ನು ಅವಳು ಮಗಳಿಗೂ ಹೇಳಿರಲಿಲ್ಲ.

*

ಊಟ ನಡೆಯುತ್ತಿದ್ದಾಗ ಸೆಮಿಸಿ ತಟ್ಟೆ ಕೆಳಗಿಟ್ಟ. ಎತ್ತರದ ಆಳು, ಆದರೆ ತಲೆಯೆತ್ತದೆ ಮಾತಾಡಿದ.

"ಆಂಟಿ, ನಾನು ಒಂದು ವಿಷಯ ಹೇಳಿಲ್ಲ. ಆವತ್ತು ನನ್ನ ಟ್ರಕ್ಕಲ್ಲಿ ಒಂದು ಜಾಗ ಇತ್ತು. ಅಂಕಲ್ ಪೈಪ್ ಹಿಡಿದು ಪಕ್ಕದ್ಮನೆ ಮಾಡು ನೆನೆಸ್ತಿದ್ರು. ಹತ್ತಿ ಅಂತ ಕರೆದೆ. ಎರಡು ಸಲ ಕರೆದೆ."

"ಏನಂದ?" ಎಂದಳು ರೆಮಿ.

ಅವನು ತಟ್ಟೆಯ ಅಂಚನ್ನು ಬೆರಳಿನಿಂದ ಒರೆಸಿದ.

"ರೆಮಿ ಬರ್ತಾಳೆ ಅಂದ್ನಾ?" ಅವಳೇ ಕೇಳಿದಳು.

ಸೆಮಿಸಿ ಹೌದೆಂದು ತಲೆಯಾಡಿಸಿದ. "ಬಂದಿರ್ತೀರಿ ಅಂದ್ಕೊಂಡೆ ಆಂಟಿ. ಕೈ ಹಿಡಿದು ಎಳೀಬೇಕಿತ್ತು."

"ನಾನೇ ಹೇಳಿದ್ದು," ಎಂದಳು ರೆಮಿ. ಅವಳ ದನಿ ಅಂಗಡಿಯಲ್ಲಿ ಸಾಮಾನಿನ ಪಟ್ಟಿ ಓದುವವರ ಹಾಗೆ ಇತ್ತು. "ಎಲ್ಲೂ ಹೋಗ್ಬೇಡ, ನಾನು ಬರ್ತೀನಿ ಅಂತ. ಅವನು ಬರ್ತೀನಿ ಅಂದ, ನಾನು ಬೇಡ ಅಂದೆ."

ಜೋಲಿನ್ ತಾಯಿಯ ಮುಖವನ್ನೇ ನೋಡಿದಳು. ಯಾರೂ ನಿನ್ನ ತಪ್ಪಲ್ಲ ಎನ್ನಲಿಲ್ಲ. ಅಲ್ಲಿದ್ದ ಒಬ್ಬೊಬ್ಬರ ಹತ್ತಿರವೂ ಆ ದಿನದ್ದೊಂದು ಮಾತಿತ್ತು, ಆಡಬಾರದಿತ್ತು ಎನ್ನುವ ಮಾತೋ ಆಡಬೇಕಿತ್ತು ಎನ್ನುವ ಮಾತೋ. ಪುರಿಂಗ್‌ಗೆ ಜೋಲಿನ್ ತಗ್ಗಿದ ದನಿಯಲ್ಲಿ ಎಲ್ಲವನ್ನೂ ಅವಳ ಭಾಷೆಯಲ್ಲಿ ಹೇಳಿದಳು. ರೆಮಿ ಕಾದಳು. ಪುರಿಂಗ್ ಏನನ್ನುತ್ತಾಳೋ ಎಂಬ ಒಂದು ಭಯ ಮಾತ್ರ ಅವಳಲ್ಲಿ ಜೀವಂತವಾಗಿತ್ತು.

ಪುರಿಂಗ್ ಬಹಳ ಹೊತ್ತು ಕಟ್ಟಿಗೆಯನ್ನು ಕೋಲಿನಿಂದ ಸರಿಮಾಡಿದಳು. "ಚಿಕ್ಕವನಿದ್ದಾಗ ನನ್ನ ಒಂದು ಮಾತೂ ಕೇಳಿದವನಲ್ಲ," ಎಂದಳು ಕೊನೆಗೆ. "ಅಂತೂ ಯಾರದೋ ಒಂದು ಮಾತು ಕೇಳಿದ." ಹೀಗೆಂದು ತನ್ನ ತಟ್ಟೆಯಲ್ಲಿದ್ದ ಮೀನಿನ ತುಂಡನ್ನು ರೆಮಿಯ ತಟ್ಟೆಗೆ ಹಾಕಿದಳು.

ಸಂಜೆ ನಾಲ್ಕಕ್ಕೆ ಕಟ್ಟಿಗೆ ಉರಿದು ಬೂದಿಯಾಗಿತ್ತು. ಪುರಿಂಗ್ ಊರಿನಿಂದ ತಂದ ಬಾಟಲಿ ಬಿಚ್ಚಿ ಕಬ್ಬಿನ ಹೆಂಡ ಸುರಿದಳು. ಬೂದಿ ಚುರ್ ಎಂದಿತು. ಪೇಕೆಲೊ, "ತಪ್ಪು ತಿಳಿಯಬೇಡಿ," ಎಂದು ಒಂದಿಡೀ ಬಕೆಟ್ ನೀರೂ ಹೊಯ್ದ. ಯಾರೂ ತಪ್ಪು ತಿಳಿಯಲಿಲ್ಲ. ಜನ ಎದ್ದು ಬಟ್ಟೆಯ ಧೂಳು ಕೊಡವಿಕೊಂಡರು, ತಮ್ಮತಮ್ಮ ಬಕೆಟ್ಟು, ಕ್ಯಾನು ಎತ್ತಿಕೊಂಡರು. ಕೆಲವರು ದೂರದ ಹೋಟೆಲುಗಳಿಗೆ ಹೋಗಬೇಕಿತ್ತು.

"ಕೈಯಿಟ್ಟು ನೋಡದೆ ಹೋಗೋದು ಬೇಡ," ಎಂದ ಪೇಕೆಲೊ. "ಆವತ್ತೂ ಬೆಳಿಗ್ಗೆ ಆರಿತು ಅಂದ ಬೆಂಕಿನೇ ಮಧ್ಯಾಹ್ನ ಮತ್ತೆ ಎದ್ದಿದ್ದು. ಈ ಊರಲ್ಲಿ ಕಣ್ಣಿಗೆ ಕಂಡಿದ್ದನ್ನ ನಂಬೋ ಕಾಲ ಹೋಯ್ತು."

ರೆಮಿ ಬಗ್ಗಿ ಬೂದಿಗೆ ಅಂಗೈಯಿಟ್ಟಳು. ಬೆರಳುಗಳನ್ನು ಬುಡದ ತನಕ ಇಳಿಸಿದಳು. ಅದು ಸಮುದ್ರದ ಮರಳಿನಷ್ಟು ತಣ್ಣಗಿತ್ತು. ಹಬೆ ಕೂಡ ಏಳುತ್ತಿರಲಿಲ್ಲ, ಅದು ನಿಂತ ಎಲ್ಲರಿಗೂ ಕಾಣುತ್ತಿತ್ತು.

"ಆರಿದ್ಯಾ ಆಂಟಿ?" ಎಂದ ಸೆಮಿಸಿ.

ಅವಳು ಕೈ ತೆಗೆಯಲಿಲ್ಲ. "ಇನ್ನೂ ಇಲ್ಲ," ಎಂದಳು.

ಸೆಮಿಸಿ ಎತ್ತಿಕೊಂಡಿದ್ದ ಬಕೆಟ್ಟುಗಳನ್ನು ಕೆಳಗಿಟ್ಟ. ಪೇಕೆಲೊ ಮೊಣಕಾಲು ಹಿಡಿದುಕೊಂಡು, ಮುಖ ಹಿಂಡಿಕೊಂಡು, ಮತ್ತೆ ಜಲ್ಲಿಯ ಮೇಲೆ ಕೂತ. ಟವೆಲಿನ ಮುದುಕಿ ಕೂತಳು, ಟ್ರಕ್ಕಿನ ನಾಲ್ವರೂ ಕೂತರು. ಒಬ್ಬರಾದ ಮೇಲೆ ಒಬ್ಬರು, ಎದ್ದವರೆಲ್ಲ ಕೂತರು.