ತೆರೆಯ ಮೇಲೆ ಉಳಿದುಹೋದ ಸಾಲು

ಹಾಸಿಗೆಯ ಪಕ್ಕದಲ್ಲಿಟ್ಟು ಎದೆಬಡಿತ ತೋರಿಸುವ ಯಂತ್ರಗಳನ್ನು ಮಾಡುವ ಕಂಪನಿ ಅದು. ಯಂತ್ರದ ಕರ್ನಲ್, ಅಂದರೆ ಉಳಿದ ತಂತ್ರಾಂಶವನ್ನೆಲ್ಲ ಹೊತ್ತು ನಡೆಸುವ ತಳದ ಭಾಗ, ಅವಳ ಸುಪರ್ದಿಯಲ್ಲಿತ್ತು. ಯಾರು ಬರೆದ ಕೋಡ್ ಆದರೂ ಅವಳು ನೋಡದೆ ಒಳಗೆ ಹೋಗುವಂತಿರಲಿಲ್ಲ. ಅದಕ್ಕೇ ಆಫೀಸಿನಲ್ಲಿ ಅವಳಿಗೆ ಜರಡಿ ಎಂದು ಹೆಸರಿಟ್ಟಿದ್ದರು. ತಂಗಿಯ ಗಂಡನೂ ಅಲ್ಲೇ ಇದ್ದ. ಬಿಡಿಭಾಗಗಳನ್ನು ಕರ್ನಲ್ ಜೊತೆ ಮಾತಾಡಿಸುವ ಡ್ರೈವರ್ ಬರೆಯುವುದು ಅವನ ಕೆಲಸ. ಡ್ರೈವರ್ ಎಂದ ಕೂಡಲೇ ನೆಂಟರು ಯಾವ ಗಾಡಿ ಎಂದು ಕೇಳುತ್ತಿದ್ದರು.

ಜರಡಿ ಜ್ವರ ಬಂದು ಮಲಗಿದ್ದ ವಾರ, ಹೊಸ ಯಂತ್ರವೊಂದು ಅವಳು ನೋಡದೆಯೇ ಆಸ್ಪತ್ರೆಗೆ ಪರೀಕ್ಷೆಗೆಂದು ಹೋಯಿತು. ನರ್ಸ್ ಸ್ವಿಚ್ ಹಾಕಿದಾಗ ತೆರೆಯ ಮೇಲೆ ಒಂದು ಸಾಲು ಮೂಡಿತು: ‘ಇಲ್ಲಿವರೆಗೂ ಬದುಕಿದೆ.’ ಹಾಸಿಗೆಯಲ್ಲಿದ್ದ ಮುದುಕರು ಅದನ್ನು ಓದಿ, ಇನ್ನೆಷ್ಟು ಹೊತ್ತಂತೆ ಎಂದು ಕೇಳಿದರಂತೆ. ನರ್ಸಿಗೆ ನಗು ಬರಲಿಲ್ಲ. ನೇರವಾಗಿ ಕಂಪನಿಗೆ ಫೋನ್ ಮಾಡಿದಳು.

ಕೆಲಸಕ್ಕೆ ಮರಳಿದ ಜರಡಿ ಆ ಸಾಲು ಎಲ್ಲಿಯದೆಂದು ಹುಡುಕಿದಳು. ತಂಗಿಯ ಗಂಡ ತನ್ನ ಕೋಡ್ ಎಲ್ಲಿವರೆಗೆ ಓಡುತ್ತದೆ ಎಂದು ತಿಳಿಯಲು ಹಾಕಿಕೊಂಡ ಪ್ರಿಂಟ್, ಅಂದರೆ ತೆರೆಯ ಮೇಲೆ ಮಾತು ಮೂಡಿಸುವ ಕೋಡಿನ ಸಾಲು ಅದು. ಅದನ್ನು ತೆಗೆಯಿರಿ ಎಂದಳು. ಅವನು ತೆಗೆದ, ಯಂತ್ರ ಅರ್ಧಕ್ಕೇ ನಿಂತುಬಿಟ್ಟಿತು. ಮತ್ತೆ ಹಾಕಿದ, ಸಲೀಸಾಗಿ ಓಡಿತು.

“ನೋಡಿ ಅತ್ತಿಗೆ, ಒಂದು ಸಾಲು ತಾನೇ? ಮಾತು ಬದಲಾಯಿಸ್ತೀನಿ. ‘ಸಿದ್ಧವಾಗುತ್ತಿದೆ’ ಅಂತ ಹಾಕಿದ್ರೆ ಯಾರೂ ಹೆದರಲ್ಲ.”

“ಮಾತಿಗಲ್ಲ ನಾನು ಹೆದರೋದು. ಅದು ಯಾಕೆ ಬೇಕು ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ರೋಗಿ ಪಕ್ಕ ಇಡೋಕಾಗಲ್ಲ.”

ಅವನು ಮುಖ ಊದಿಸಿಕೊಂಡು ಹೋದ. ಸಂಜೆ ತಂಗಿಯ ಫೋನ್ ಬಂತು. ಮನೆಯವರನ್ನಾದರೂ ಸ್ವಲ್ಪ ಸಡಿಲ ಬಿಡಬಾರದೇ ಎಂಬುದು ಅವಳ ಮಾತಿನ ಸಾರ. ಜರಡಿ ಎಲ್ಲಕ್ಕೂ ಹೂಂಗುಟ್ಟಿ, ಮಕ್ಕಳ ಕೆಮ್ಮು ವಿಚಾರಿಸಿ ಫೋನ್ ಇಟ್ಟಳು.

ಮರುದಿನ ಆ ಸಾಲಿನ ಜಾಗದಲ್ಲಿ ಅವಳು ಏನನ್ನೂ ಬರೆಯದೆ, ಅಷ್ಟೇ ಹೊತ್ತು ಸುಮ್ಮನೆ ಕಾಯುವಂತೆ ಮಾಡಿದಳು. ಯಂತ್ರ ಓಡಿತು. ಈಗ ಗುಟ್ಟು ತಿಳಿಯಿತು. ಎದೆಬಡಿತ ಹಿಡಿಯುವ ಬೋರ್ಡ್ ಎಚ್ಚರಗೊಳ್ಳಲು ಒಂದು ಚೂರು ಸಮಯ ಬೇಕಿತ್ತು. ಸಾಲು ಅಚ್ಚಾಗುವಷ್ಟರಲ್ಲಿ ಆ ಸಮಯ ಸಿಗುತ್ತಿತ್ತು. ಹಾಗಾದರೆ ಕಾಯಿಸಿಯೇ ಬಿಡೋಣ ಎಂದ ಅವನು. ಅವಳು ವಾದಕ್ಕೆ ಇಳಿಯಲಿಲ್ಲ. ಒಂದು ಬೋರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕ್ಯಾಂಟೀನಿನ ಫ್ರಿಜ್‌ನಲ್ಲಿ, ಊಟದ ಡಬ್ಬಿಗಳ ನಡುವೆ ಇಟ್ಟು ಬಂದಳು. ಅಡುಗೆಯವರು ಇದನ್ನು ಬಿಸಿ ಮಾಡಬೇಕೇ ಎಂದು ಕೇಳಿ ಕಳಿಸಿದರು.

ಊಟವಾದ ಮೇಲೆ ಆ ತಣ್ಣನೆಯ ಬೋರ್ಡನ್ನು ಯಂತ್ರಕ್ಕೆ ಜೋಡಿಸಿದರು. ಕಾಯುವ ಕೋಡ್ ಹಾಕಿದರೂ ಯಂತ್ರ ನಿಂತಿತು, ಹಳೆಯ ಸಾಲನ್ನು ಮರಳಿ ಹಾಕಿದರೂ ನಿಂತಿತು. ತಣ್ಣಗಿದ್ದಾಗ ಬೋರ್ಡ್ ಏಳುವುದು ಇನ್ನೂ ನಿಧಾನ. ತೆರೆಯ ಮೇಲೆ ‘ಇಲ್ಲಿವರೆಗೂ ಬದುಕಿದೆ’ ಎಂದಷ್ಟೇ ಇತ್ತು, ಅದರಾಚೆ ಏನೂ ಇಲ್ಲ.

“ಚಳಿಯಲ್ಲಿ ಆಂಬುಲೆನ್ಸ್‌ನಿಂದ ಇಳಿಸಿ ಹಚ್ಚಿದ್ರೆ ಇದೇ ಗತಿ,” ಎಂದ ಅವನು ಮೆಲ್ಲಗೆ.

“ಎದ್ದಿದೆಯಾ ಅಂತ ಬೋರ್ಡನ್ನೇ ಕೇಳಬಹುದಲ್ವಾ?”

ಬೋರ್ಡಿನ ಕೈಪಿಡಿಯಲ್ಲಿ ಅದಕ್ಕೆಂದೇ ಒಂದು ಸಂಕೇತ ಇತ್ತು. ಆ ಸಂಕೇತ ಬಂದ ಮೇಲೆಯೇ ಮುಂದುವರಿಯಬೇಕು, ಬಾರದೇ ಹೋದರೆ ಬೋರ್ಡ್ ಕೆಟ್ಟಿದೆ ಎಂದು ಸದ್ದು ಮಾಡಿ ತಿಳಿಸಬೇಕು: ಹಾಗೆ ಅವನು ಡ್ರೈವರನ್ನು ತಿದ್ದಿದ. ಪ್ರಿಂಟ್ ಸಾಲನ್ನು ತಾನೇ ಅಳಿಸಿದ. ತನ್ನ ಉಳಿದ ಡ್ರೈವರ್‌ಗಳನ್ನೂ ತೆರೆದು, ಅಲ್ಲಿ ಮರೆತು ಬಿಟ್ಟಿದ್ದ ಇಂಥ ಸಾಲುಗಳನ್ನೆಲ್ಲ ಕಿತ್ತುಹಾಕಿದ. ಫ್ರಿಜ್‌ನಿಂದ ತೆಗೆದ ಬೋರ್ಡ್ ಈ ಸಲ ತುಸು ತಡಮಾಡಿ ಎದ್ದಿತು, ಆದರೆ ಎದ್ದಿತು.

ತಿದ್ದಿದ ಡ್ರೈವರ್ ಸೇರಿದ ಹೊಸ ಕರ್ನಲ್ ಹಾಕಲು ಅವನೇ ಆಸ್ಪತ್ರೆಗೆ ಹೋದ. ತೆರೆ ಒಂದು ಕ್ಷಣ ಖಾಲಿ ಇದ್ದು, ಮರುಕ್ಷಣ ಹಸಿರು ಗೆರೆ ಏರಿಳಿಯತೊಡಗಿತು. ಹಾಸಿಗೆಯಲ್ಲಿ ಯಾರೋ ಹೆಂಗಸು ನಿದ್ದೆಹೋಗಿದ್ದರು. ಅವನು ಗೆರೆ ನೋಡುತ್ತಾ ಹಾಗೇ ನಿಂತುಬಿಟ್ಟ. ಔಷಧಿಯ ಗಾಡಿ ತಳ್ಳಿಕೊಂಡು ಬಂದ ನರ್ಸ್, ಸ್ವಲ್ಪ ದಾರಿ ಬಿಡಿ ಎಂದಾಗ ಪಕ್ಕಕ್ಕೆ ಸರಿದ.